ಒಬ್ಬ ಕಳ್ಳ ಬೇಕಾಗಿದ್ದ

ವ್ಯಾಪಾರದಲ್ಲಿ ನನಗೆ ಟೋಪಿ ಹಾಕುವವನು ಇನ್ನೂ ಹುಟ್ಟಿಲ್ಲ. ಚೌಕಾಸಿ ಮಾಡಿ ಮಾಡಿಯೇ ಮೇಲೆ ಬಂದವನು ನಾನು. ಹಾಗಾಗಿ ಇಂದಿರಾನಗರದ ಕಾಲೇಜೊಂದರಲ್ಲಿ ‘ವ್ಯಾಪಾರ ನೀತಿ’ ಪಾಠ ಹೇಳುವ ಕೆಲಸ ನನಗೆ ಚೆನ್ನಾಗಿಯೇ ಒಪ್ಪಿತ್ತು. ಕೆಲಸ ಮಾತ್ರ ಟೆಂಪರರಿ.

“ಸೆಮಿನಾರಲ್ಲಿ ಒಂದು ಸಂಶೋಧನಾ ಪ್ರಬಂಧ ಓದ್ರಿ, ಪರ್ಮನೆಂಟ್ ಮಾಡ್ಸೋಣ,” ಎಂದರು ಪ್ರಿನ್ಸಿಪಾಲರು.

ನಿಂತಲ್ಲೇ ಶೀರ್ಷಿಕೆ ಕೊಟ್ಟೆ: ‘ಶಿವಾಜಿನಗರದ ಮಾರುಕಟ್ಟೆಯಲ್ಲಿ ಅಪ್ರಾಮಾಣಿಕತೆ’. ಆಮಂತ್ರಣದಲ್ಲಿ ಅಚ್ಚೂ ಆಯಿತು. ಅಪ್ರಾಮಾಣಿಕರು ಸಿಗುವುದೊಂದೇ ಬಾಕಿ! (ನನ್ನ ಸಲಹೆ ಕೇಳಿ: ಈ ಕ್ರಮದಲ್ಲಿ ಸಂಶೋಧನೆ ಮಾಡಬೇಡಿ.)

ಫುಟ್‌ಪಾತಿನಲ್ಲಿ ಚೌಕಾಸಿ ಮಾಡಿ ಅರ್ಧ ಡಜನ್ ಪರ್ಸು ಕೊಂಡೆ. ಒಂದೊಂದರಲ್ಲೂ ಹತ್ತು ರೂಪಾಯಿಯ ನೋಟು, ನನ್ನ ವಿಸಿಟಿಂಗ್ ಕಾರ್ಡು. ಅಂಗಡಿಗಳಲ್ಲಿ ‘ಮರೆತು’ ಬರುವುದು. ವಾಪಸು ಕೊಡದವನೇ ಕಳ್ಳ!

ಬಾಳೆಹಣ್ಣಿನವನು ಗಾಡಿಯನ್ನೇ ಬಿಟ್ಟು, “ಸಾರ್, ಪರ್ಸೂ!” ಎಂದು ಓಡಿ ಬಂದ. ಅತ್ತರಿನ ಅಂಗಡಿಯ ಸಾಹೇಬರು ಚಹಾ ಕುಡಿಸಿ ಕೊಟ್ಟರು. ಬಳೆ ಅಂಗಡಿಯ ಅಜ್ಜಿಯಂತೂ, “ಹುಷಾರಾಗಿಟ್ಕೋಪ್ಪಾ, ಕಾಲ ಕೆಟ್ಟೋಗಿದೆ,” ಎಂದರು.

ಎಲ್ಲಿ ಕೆಟ್ಟಿದೆ? ಐದೂ ವಾಪಸು ಬಂದವು! “ಸ್ವಲ್ಪನಾದ್ರೂ ಆಸೆ ಬೇಡ್ವೇನ್ರೀ?” ಎಂದು ಐದನೆಯವನನ್ನು ಗದರಿಯೇ ಬಿಟ್ಟೆ.

ಆರನೆಯದನ್ನು ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲಿಟ್ಟು ಕಂಬದ ಹಿಂದೆ ಅವಿತು ನಿಂತೆ. ಹೆಗಲ ಮೇಲೊಂದು ಕೈ ಬಿತ್ತು. ಕಾನ್‌ಸ್ಟೇಬಲ್!

“ಏನ್ ಗುರು, ಯಾರ ಪರ್ಸ್ ಮೇಲೆ ಕಣ್ಣು?” ಎನ್ನುತ್ತಾ ನನ್ನ ಚೀಲ ಸುರಿದ. ಐದು ಪರ್ಸು, ಐದರಲ್ಲೂ ಒಂದೇ ಹೆಸರು. “ಅಯ್ಯೋ ಪಾಪಿ! ಒಬ್ರೇ ಮೇಷ್ಟ್ರ ಪರ್ಸು ಐದ್ ಸಲ ಹೊಡ್ದಿದೀಯಲ್ಲೋ!”

“ಆ ಮೇಷ್ಟ್ರು ನಾನೇ! ನೀತಿ ಕಲಿಸ್ತೀನಿ!”

“ಗೊತ್ತಾಗ್ತಿದೆ. ನಡಿ ಸ್ಟೇಷನ್‌ಗೆ.”

ಈ ಗಲಾಟೆಯಲ್ಲಿ ಆರನೆಯ ಪರ್ಸು ಕಟ್ಟೆಯ ಮೇಲೇ ಉಳಿಯಿತು.

ಸ್ಟೇಷನ್ನಿನಿಂದ ಕಾರ್ಡಿನಲ್ಲಿದ್ದ ಮನೆಯ ನಂಬರಿಗೆ ಫೋನ್ ಹೋಯಿತು. ಎತ್ತಿದವಳು ನನ್ನ ಹೆಂಡತಿ ಸರಸ್ವತಿ. “ನಮ್ಮನೆಯವ್ರು ಕಾಲೇಜಲ್ಲಿದಾರೆ ಸಾರ್. ಆ ಕಳ್ಳನ್ನ ಮಾತ್ರ ಬಿಡ್ಬೇಡಿ!”

ರಿಸೀವರ್ ಕಸಿದುಕೊಂಡು, “ನಾನು ಕಣೇ!” ಎಂದೆ.

“ಥೂ, ನನ್ನನ್ನೇ ‘ಕಣೇ’ ಅಂತಾನೆ! ನಾಲ್ಕು ಬಿಡಿ ಸಾರ್!”

ಗುರುತು ಹಿಡಿಯಲು ಆಟೋದಲ್ಲಿ ಬಂದಳು. ನನ್ನನ್ನು ಮೇಲಿಂದ ಕೆಳಗೆ ನೋಡಿ, ವಿಧಿಯಿಲ್ಲದೆ, “ನಮ್ಮೋರೇ,” ಎಂದಳು.

ಬಿಟ್ಟ ತಕ್ಷಣ ಕಟ್ಟೆಗೆ ಓಡಿದೆ. ಪರ್ಸು ಇಲ್ಲ! “ಸಿಕ್ಕಿದ ಕಣೇ ಕಳ್ಳ! ಪರ್ಮನೆಂಟಾದೆ!” ಎಂದು ಬಸ್‌ಸ್ಟ್ಯಾಂಡಿನಲ್ಲೇ ಕುಣಿದೆ.

“ಇದಾ ನೋಡಿ?” ಸರಸ್ವತಿ ತನ್ನ ಬ್ಯಾಗಿನಿಂದ ಅದನ್ನು ತೆಗೆದಳು. “ಸ್ಟೇಷನ್‌ಗೆ ಬರೋವಾಗ ಇಲ್ಲೇ ಆಟೋ ಇಳಿದೆ, ಕಟ್ಟೆ ಮೇಲೆ ಕಾಣಿಸ್ತು. ನಿಮ್ಮ ಕಾರ್ಡಿತ್ತಲ್ಲ, ಎತ್ಕೊಂಡೆ. ದುಡ್ಡು ಆಟೋದವನಿಗೆ ಕೊಟ್ಟೆ. ಚೌಕಾಸಿ ಮಾಡ್ಲಿಲ್ಲ.”

ಸೆಮಿನಾರಿನ ದಿನ ಗಂಭೀರವಾಗಿ ಓದಿದೆ: “ಪತ್ತೆಯಾದ ಕಳ್ಳರು, ಒಬ್ಬರು.”

“ಯಾರ್ರೀ ಅದು?” ಅಧ್ಯಕ್ಷರು ಕೇಳಿದರು.

ಮುಂದಿನ ಸಾಲಿನಲ್ಲಿ ಸರಸ್ವತಿ ಕಣ್ಣು ಮಿಟುಕಿಸದೆ ನನ್ನನ್ನೇ ನೋಡುತ್ತಿದ್ದಳು.

“ನಾನೇ ಸಾರ್,” ಎಂದೆ.

ಈಗ ಹಲಸೂರಿನಲ್ಲಿ ಟ್ಯೂಷನ್ ಹೇಳುತ್ತೇನೆ. ಮಕ್ಕಳ ತಾಯಂದಿರು ಫೀಸಿಗೆ ಚೌಕಾಸಿ ಮಾಡುತ್ತಾರೆ. ಗೆಲ್ಲುವುದೂ ಅವರೇ.