ರೊಟ್ಟಿ ಸಿಗದ ಹೋಟೆಲ್ಲು

ನಮ್ಮ ಕಾಕಾನನ್ನು ನೀವು ನೋಡಿರಲಿಕ್ಕಿಲ್ಲ. ನೋಡಿದ್ದರೆ ಇಷ್ಟೊತ್ತಿಗೆ ನೀವೂ ಅವನ ಯಾವುದಾದರೂ ಒಂದು ಆಣೆಗೆ ಸಾಕ್ಷಿಯಾಗಿ ಸಿಕ್ಕಿಬಿದ್ದಿರುತ್ತಿದ್ದಿರಿ! ಮಂದಿಗೆ ಬೀಡಿ ಚಟ, ಎಲೆಅಡಿಕೆ ಚಟ, ಇಸ್ಪೀಟಿನ ಚಟ ಇರುತ್ತವೆ. ಕಾಕಾನಿಗೆ ಇದ್ದದ್ದು ಆಣೆ ಮಾಡುವ ಚಟ. ಸಿಟ್ಟು ಬಂತೆಂದರೆ ಬಲಗೈ ತಲೆಗೆ ಹೋಗುತ್ತಿತ್ತು, ಟೊಪ್ಪಿಗೆ ಕೈಗೆ ಬರುತ್ತಿತ್ತು, "ಬೀರಪ್ಪನ ಆಣಿ..." ಎಂದು ಶುರುವಾಗುತ್ತಿತ್ತು. ಅವನ ಹೆಂಡತಿ, ನಮ್ಮ ಕಾಕು, ಟೊಪ್ಪಿಗೆ ಕೈಗೆ ಬಂದದ್ದು ಕಂಡರೆ ಸಾಕು, ಒಲೆಯ ಮೇಲಿನ ಹಾಲು ಉಕ್ಕಿದರೂ ಚಿಂತೆಯಿಲ್ಲವೆಂದು ಓಡಿಬಂದು ಗಂಡನ ಬಾಯಿ ಮುಚ್ಚುತ್ತಿದ್ದಳು. ಒಮ್ಮೊಮ್ಮೆ ತಡವಾಗುತ್ತಿತ್ತು.

ಆದರೆ ಒಂದು ಮಾತು ಒಪ್ಪಬೇಕು. ಕಾಕಾ ಆಣೆ ಮುರಿದದ್ದನ್ನು ಮಹಾಲಿಂಗಪುರದ ಸುತ್ತಲಿನ ಯಾವ ಊರಿನವರೂ ಕಂಡಿರಲಿಲ್ಲ. ಹಾಗೆಂದು ಆಣೆಯಿಂದ ಅವನಿಗೆ ತೊಂದರೆಯಾಯಿತೆಂದು ಮಾತ್ರ ತಿಳಿಯಬೇಡಿ. ತೊಂದರೆಯೆಲ್ಲ ಉಳಿದವರಿಗೆ! ಊರಿನ ಕ್ಷೌರಿಕ ಒಮ್ಮೆ ಕಿವಿಯ ಹತ್ತಿರ ಕತ್ತರಿ ತಾಗಿಸಿದ್ದಕ್ಕೆ, "ಇನ್ನ ನಿನ್ನ ಕುರ್ಚಿ ಮ್ಯಾಲೆ ಕುಂತ್ರ ಕೇಳು" ಎಂದು ಟೊಪ್ಪಿಗೆ ಕಿತ್ತ. ಊರಿಗೆ ಇದ್ದವನು ಅವನೊಬ್ಬನೇ. ಮುಂದಿನ ತಿಂಗಳು ಕಾಕಾ ಹೋಗಿ ಅಂಗಡಿಯ ಮುಂದಿನ ಕಟ್ಟೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ. "ಕುರ್ಚಿ ಮ್ಯಾಲೆ ಕುಂಡ್ರೂದಿಲ್ಲ ಅಂದೇನಿ. ಇದು ಕಟ್ಟಿ. ಕತ್ತರಸು." ಪಾಪ, ಕ್ಷೌರಿಕ ಬೀದಿಯಲ್ಲಿ ಕುಕ್ಕರುಗಾಲಲ್ಲಿ ಕೂತು ಕತ್ತರಿಸಬೇಕಾಯಿತು. ಕಾಕಾನ ಕಿವಿ ಮಾಯಿತು, ಕ್ಷೌರಿಕನ ಸೊಂಟ ಹಿಡಿಯಿತು.

ಇನ್ನೊಂದು ಸಲ ಜಮಖಂಡಿ ಬಸ್ಸು ಕೈಮಾಡಿದರೂ ನಿಲ್ಲಲಿಲ್ಲವೆಂದು, "ಬನಹಟ್ಟಿ ಮ್ಯಾಲೆ ಹಾದು ಜಮಖಂಡಿಗೆ ಹೋಗೂ ಗಾಡಿ ಈ ಜನ್ಮದಾಗ ಹತ್ತೂದಿಲ್ಲ" ಎಂದು ಬಸ್‌ಸ್ಟ್ಯಾಂಡಿನಲ್ಲೇ ಆಣೆ ಹಾಕಿದ. ಅಂದಿನಿಂದ ಮುಧೋಳಕ್ಕೆ ಹೋಗಿ, ಅಲ್ಲಿ ಗಾಡಿ ಬದಲಿಸಿ, ಸುತ್ತು ಹಾಕಿ ಜಮಖಂಡಿಗೆ ಹೋಗುತ್ತಿದ್ದ. ಅಲ್ಲಿ ಬೀಗರ ಮನೆಯ ಲಗ್ನಕ್ಕೆ ಇವನು ಮುಟ್ಟಿದಾಗ ಅಕ್ಕಿಕಾಳು ಬಿದ್ದು ಮದುಮಕ್ಕಳು ಫೋಟೋಕ್ಕೆ ನಿಂತಿದ್ದರು. "ಲಗ್ನ ಆಗಿ ಹೋತಲ್ಲಪಾ!" ಎಂದು ಯಾರೋ ಕಾಲೆಳೆದರೆ, "ಲಗ್ನ ಆಗೇತಿ. ಊಟಾ ಆಗಿಲ್ಲಲ್ಲ?" ಎಂದು ನೇರ ಪಂಕ್ತಿಗೆ ಹೋಗಿ ಕೂತ.

ಚಹಾದ ಆಣೆಯಂತೂ ಕಾಕು ಸಾಯುವತನಕ ಮರೆಯುವಂಥದ್ದಲ್ಲ. "ಕಪ್ಪಿಗೆ ಬಾಯಿ ಹಚ್ಚೂದಿಲ್ಲ" ಎಂದವನು ಮರುದಿನ ಬೆಳಿಗ್ಗೆ ಬಸಿಯಲ್ಲಿ ಸುರುವಿಕೊಂಡು ಸೊರ್ ಎಂದು ಕುಡಿಯುತ್ತ ಕೂತಿದ್ದ. "ನಾ ಕಪ್ಪಂದಿದ್ನಿ. ಬಸಿ ಮಾತ ಎಲ್ಲಿ ಬಂದಿತ್ತು?" ಇಂಥವನು ವಕೀಲನಾಗುವುದು ಬಿಟ್ಟು ಕಬ್ಬು ಹಚ್ಚಿದನಲ್ಲ, ಕೋರ್ಟಿಗೆ ಎಂಥ ನಷ್ಟ!

ಇಷ್ಟಕ್ಕೆಲ್ಲ ನಕ್ಕೆವು. ಆದರೆ ಒಂದು ಆಣೆಗೆ ಮಾತ್ರ ನಮ್ಮ ಮನೆಯಲ್ಲಿ ಯಾರೂ ನಗಲಿಲ್ಲ.

ನಮ್ಮಪ್ಪ, ಕಾಕಾ ಇಬ್ಬರೇ ಅಣ್ಣತಮ್ಮಂದಿರು. ಒಂದೇ ಗಾಣದ ಮನೆ, ಒಂದೇ ಕೊಪ್ಪರಿಗೆ. ಕಬ್ಬು ಕಡಿಸುವುದು ಅಪ್ಪನ ಕೆಲಸ, ಬೆಲ್ಲದ ಹದ ನೋಡುವುದು ಕಾಕಾನ ಕೆಲಸ. ಒಂದು ವರ್ಷ ಮಹಾಲಿಂಗಪುರದ ಪೇಟೆಯಲ್ಲಿ, ದಲಾಲರೂ ಗಿರಾಕಿಗಳೂ ತುಂಬಿದ ಅಂಗಡಿಯಲ್ಲಿ, ಅಪ್ಪ ಬೆಲ್ಲದ ಪೆಂಟಿ ಒಡೆದು ಬಾಯಿಗೆ ಹಾಕಿಕೊಂಡು, "ನನ್ನ ತಮ್ಮಗ ಹದಾ ತಿಳಿಯೂದಿಲ್ಲರಿ" ಎಂದುಬಿಟ್ಟ. ಬೆಲ್ಲ ಮಾಡುವವನಿಗೆ ಅದಕ್ಕಿಂತ ದೊಡ್ಡ ಬೈಗುಳ ಉಂಟೇ? ಆ ಸಂಜೆ ಕಾಕಾ ಊಟದ ನಡುವೆ, ಅರ್ಧ ಮುರಿದ ರೊಟ್ಟಿ ತಾಟಿನಲ್ಲಿ ಬಿಟ್ಟು ಎದ್ದು ನಿಂತ. ಟೊಪ್ಪಿಗೆ ಕೈಗೆ ಬಂತು. ಕಾಕು ಊರಲ್ಲಿರಲಿಲ್ಲ, ತವರೂರು ಗಲಗಲಿಗೆ ಹೋಗಿದ್ದಳು. ಬಾಯಿ ಮುಚ್ಚುವವರು ಯಾರು?

"ಬೀರಪ್ಪನ ಆಣಿ. ಇನ್ನ ಅಣ್ಣನ ಸಂಗತಿ ಕುಂತು ರೊಟ್ಟಿ ಮುರಿಯೂದಿಲ್ಲ."

ಮಾತು ಬಿಟ್ಟರೇ? ಇಲ್ಲ! ಮಾತಿನ ಮೇಲೆ ಆಣೆ ಇರಲಿಲ್ಲವಲ್ಲ. ನೀರಿನ ಪಾಳಿ, ಎತ್ತಿನ ಕಾಲುನೋವು, ಕಬ್ಬಿನ ಬಿಲ್ಲು, ಎಲ್ಲ ಮಾತಾಡುತ್ತಿದ್ದರು. ಊಟದ ಹೊತ್ತಾದರೆ ಮಾತ್ರ ಒಬ್ಬ ಒಳಗೆ, ಒಬ್ಬ ಗೋಡೆಯಾಚೆ ಪಡಸಾಲೆಯಲ್ಲಿ. ನಡುವೆ ಬಡಿಸಲು ಓಡಾಡುವವಳು ನಾನು. "ಅಣ್ಣಗ ಚಟ್ನಿ ಮುಟ್ಟೇತೇನು ಕೇಳು" ಎಂದು ಆಚೆಯಿಂದ ಕಾಕಾ. "ಮುಟ್ಟೇತಿ ಅಂತ ಹೇಳು. ಅವಂಗ ಮಸರು ಹಾಕು" ಎಂದು ಈಚೆಯಿಂದ ಅಪ್ಪ. ನಡುವಿನ ಗೋಡೆ ಇದ್ದದ್ದು ಒಂದೇ ಇಟ್ಟಂಗಿಯ ದಪ್ಪ. ಇಬ್ಬರಿಗೂ ಇನ್ನೊಬ್ಬನ ಮಾತು ಚೆನ್ನಾಗಿ ಕೇಳುತ್ತಿತ್ತು.

ಇಂಥ ಸಂದಿಗೊಂದಿಯ ಪಂಡಿತ ಈ ಆಣೆಗೂ ಒಂದು ದಾರಿ ಹುಡುಕಲಿಲ್ಲವೇ ಎಂದು ನೀವು ಕೇಳುತ್ತೀರಿ. ಹುಡುಕಿದ್ದ. ಬರೀ ಅನ್ನ ಸಾರು ಮಾಡಿಸಿ, "ಇವತ್ತ ರೊಟ್ಟಿ ಇಲ್ಲಂತಲ್ಲ" ಎನ್ನುತ್ತ ಒಂದು ದಿನ ಬಂದು ಅಪ್ಪನ ಪಕ್ಕ ಕೂತಿದ್ದ. ಅಪ್ಪನೇನು ಕಡಿಮೆಯೇ? ಅವನೂ ಅದೇ ಹೊಟ್ಟೆಯಲ್ಲಿ ಹುಟ್ಟಿದವನು! "ರೊಟ್ಟಿ ಇಲ್ಲದ್ದು ಊಟೇನ? ಇವನ ಆಣಿ ಸಲುವಾಗಿ ನನ್ನ ತಾಟಿನ್ಯಾಗಿನ ರೊಟ್ಟಿ ಯಾಕ ಹೋಗಬೇಕು? ಒಂದ ಕಟಕ ರೊಟ್ಟಿನರ ತಾ" ಎಂದ. ನಮ್ಮ ಕಡೆ ಯಾವ ಮನೆಯಲ್ಲಿ ಬುಟ್ಟಿಯ ತುಂಬ ಒಣಗಿಸಿಟ್ಟ ಕಟಕ ರೊಟ್ಟಿ ಇರುವುದಿಲ್ಲ ಹೇಳಿ? ರೊಟ್ಟಿ ಬಂತು, ಕಾಕಾ ಎದ್ದ. ಹೀಗೇ ವರ್ಷಗಳು ಕಳೆದವು. ನನ್ನ ಲಗ್ನವಾಯಿತು, ನಾನು ಪುಣೆಗೆ ಬಂದೆ. ನನ್ನ ಲಗ್ನದ ಊಟದಲ್ಲೂ ಅವರಿಬ್ಬರು ಬೇರೆ ಬೇರೆ ಪಂಕ್ತಿಯಲ್ಲಿ ಉಂಡದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ.

ಆಮೇಲೆ ಅಪ್ಪನಿಗೆ ಎದೆಯ ತ್ರಾಸು ಶುರುವಾಯಿತು. ಪುಣೆಯಲ್ಲಿ ಆಪರೇಷನ್ ಎಂದು ನಿಕ್ಕಿಯಾಯಿತು. ಒಂದು ದಿನ ಕಾಕಾನ ಫೋನು ಬಂತು.

"ಡಾಕ್ಟರ್ ಏನಂದ್ರಬೇ?"

"ಎದಿ ಕೆಲಸ ಕಾಕಾ. ಖಾತ್ರಿ ಹೇಳಾಕ ಬರೂದಿಲ್ಲ ಅಂದಾರ."

ಕಾಕಾ ಕೇಳಿದ: "ಯವ್ವಾ, ಪುಣೆದಾಗ ರೊಟ್ಟಿ ಸಿಗಲಾರದ ಹೋಟೆಲ್ ಯಾವ್ದೈತಿ?"

ನಮ್ಮ ಕಡೆಯಿಂದ ಪುಣೆಗೆ ಬಂದವರೆಲ್ಲ ರೊಟ್ಟಿ ಸಿಗುವ ಖಾನಾವಳಿ ಎಲ್ಲಿದೆ ಎಂದು ಕೇಳುತ್ತಾರೆ. ಇದೇನಿದು ತಿರುಗಾಮುರುಗಾ? ಚೈನೀಸ್ ಹೋಟೆಲ್ ಅಂದೆ. ಅಲ್ಲಿ ತಂದೂರಿ ರೊಟ್ಟಿ ಇರುತ್ತದೆಂದು ಬನಹಟ್ಟಿಯ ನೂಲಿನ ವ್ಯಾಪಾರಿಯೊಬ್ಬರು ಅವನಿಗೆ ಹೇಳಿದ್ದರಂತೆ. ಪಿಜ್ಜಾ ಅಂದೆ. "ಅದು ರೊಟ್ಟಿ ಮ್ಯಾಲೆ ಪಲ್ಯ ಹಾಕಿದ್ದು. ನೋಡೇನಿ. ಬ್ಯಾಡ." ಚಪಾತಿ ನಡೆಯುತ್ತದೇನು ಅಂದರೆ, "ಅದು ರೊಟ್ಟಿ ತಮ್ಮ. ಅನುಮಾನ ಇರಬಾರದು ನೋಡು, ಅಣ್ಣ ಬಾಯಿಬಿಟ್ಟ ಕೇಳಿದ್ರೂ ರೊಟ್ಟಿ ಸಿಗಬಾರದು" ಎಂದ. ಆಗ ನನಗೆ ತಿಳಿಯಿತು.

ಹುಡುಕಿ ಹುಡುಕಿ ಒಂದು ಸಿಕ್ಕಿತು. ಓಣಿಯೊಂದರಲ್ಲಿ ನಾಲ್ಕಾರು ಮೇಜಿನ ವಿಯೆಟ್ನಾಂ ಹೋಟೆಲ್ಲು. ನಡೆಸುವಾಕೆ ಆ ದೇಶದವಳೇ. ಪುಣೆಯವನನ್ನು ಲಗ್ನವಾಗಿ ಬಂದು ಮರಾಠಿ ಕಲಿತವಳು. ಕೂರಲು ಕುಳ್ಳ ಪ್ಲಾಸ್ಟಿಕ್ ಸ್ಟೂಲು, ಗೋಡೆಗೆ ಬಿದಿರಿನ ಚೂಪು ಟೊಪ್ಪಿಗೆಗಳು.

ಆಸ್ಪತ್ರೆಗೆ ಸೇರುವ ಹಿಂದಿನ ದಿನ ಮಧ್ಯಾಹ್ನ ಅಪ್ಪನನ್ನು ಅಲ್ಲಿಗೆ ಕರೆದೊಯ್ದೆ. ಹೋಗುವಷ್ಟರಲ್ಲಿ ಕಾಕಾ ಆಗಲೇ ಬಂದು ಕೂತಿದ್ದ! "ಪುಣೆ ಮಾರ್ಕೆಟ್ಟಿಗೆ ಬೆಲ್ಲದ ದರಾ ನೋಡಾಕ ಬಂದಿದ್ನಿ" ಎಂದ. ಬೆಲ್ಲದ ದರ ಗೊತ್ತಾಗಲು ರಾತ್ರಿಯಿಡೀ ಬಸ್ಸಿನಲ್ಲಿ ಕೂರಬೇಕೇ? ಅಪ್ಪ ಅವನನ್ನು ಮೇಲಿಂದ ಕೆಳಗೆ ನೋಡಿದ, ಪಕ್ಕದ ಸ್ಟೂಲು ಎಳೆದು ಕೂತ. ಕಾಕಾ ಗೋಡೆಯ ಟೊಪ್ಪಿಗೆ ತೋರಿಸಿ, "ನಾವು ಬುಟ್ಟಿ ಬೋರಲ ಹಾಕಿ ಕೋಳಿ ಮುಚ್ಚತೀವಿ, ಇವ್ರು ತಲಿ ಮುಚ್ಚತಾರ ನೋಡ" ಎಂದು ಮಾತು ತೇಲಿಸಿದ. ತಿನ್ನಲು ಕಡ್ಡಿ ಬಂದವು. "ಊಟಕ್ಕಿಂತ ಮೊದಲ ಹಲ್ಲಕಡ್ಡಿ? ಇಷ್ಟ ಉದ್ದ ಹಲ್ಲು ಯಾರ್ವು ಅದಾವಬೇ?" ಎಂದ ಕಾಕಾ.

ಅಪ್ಪ ಗಂಟಲು ಸರಿಮಾಡಿಕೊಂಡು ಆಕೆಗೆ ಮರಾಠಿಯಲ್ಲಿ ಕೇಳಿಯೇಬಿಟ್ಟ, ರೊಟ್ಟಿ ಇದೆಯೇ ಎಂದು. ಆಕೆ ನಕ್ಕು ಇಲ್ಲವೆಂದಳು. ಕಾಕಾನ ಮುಖ ನೋಡಬೇಕಿತ್ತು, ಗ್ರಾಮ ಪಂಚಾಯ್ತಿ ಗೆದ್ದವನ ಹಾಗೆ!

ಮೊದಲು ಬಂದದ್ದು ಒಂದು ತಾಟು ಹಸಿ ಸೊಪ್ಪು. ಇಬ್ಬರೂ ಒಟ್ಟಿಗೆ "ತಪ್ಪಲ!" ಎಂದರು. ನಮ್ಮ ಕಡೆ ಊಟಕ್ಕೆ ಹಸಿ ಮೆಂತೆ, ಮೂಲಂಗಿ, ಉಳ್ಳಾಗಡ್ಡಿ ತಪ್ಪಲ ಬೇಕೇಬೇಕಲ್ಲ. ದೂರದ ದೇಶದ ಹೆಣ್ಣುಮಗಳೊಬ್ಬಳು ಕೇಳದೇ ತಂದಿಟ್ಟದ್ದಕ್ಕೆ ಅಪ್ಪ ಅರ್ಧ ಕರಗಿದ. ಆಮೇಲೆ ದೊಡ್ಡ ಬಟ್ಟಲಲ್ಲಿ ಬಿಸಿ ಸಾರು, ಅದರೊಳಗೆ ಅಕ್ಕಿಯ ಶಾವಿಗೆ. "ಬೆಲ್ಲ ತುಪ್ಪ ಬಿಟ್ಟು ಶಾವಿಗಿ ಸಾರಿನ್ಯಾಗ ಹಾಕ್ಯಾರ" ಎಂದು ಅಪ್ಪ ಗೊಣಗಿದ, ಗೊಣಗುತ್ತಲೇ ಉಂಡ. ಇಬ್ಬರೂ ಕಡ್ಡಿ ಬಿಟ್ಟು ಕೈ ಹಾಕಿದರು. ಕುಳ್ಳ ಸ್ಟೂಲಿನ ಮೇಲೆ ಮೊಣಕಾಲಿಗೆ ಮೊಣಕಾಲು ತಾಗಿಸಿಕೊಂಡು ಅಣ್ಣತಮ್ಮಂದಿರು ಸೊರ್ ಸೊರ್ ಎಂದು ಉಣ್ಣುತ್ತಿದ್ದರು. ನಾನು ನನ್ನ ಬಟ್ಟಲು ಮುಟ್ಟದೆ ನೋಡುತ್ತ ಕೂತಿದ್ದೆ.

ಅಷ್ಟರಲ್ಲಿ ಅನಾಹುತ! ಆಕೆ ಇನ್ನೊಂದು ತಾಟು ತಂದಿಟ್ಟಳು. ಅದರಲ್ಲಿ ಬೆಳ್ಳಗೆ, ತೆಳ್ಳಗೆ, ಚಂದ್ರನಷ್ಟು ದುಂಡಗೆ ಏನೋ ಒಂದರ ಮೇಲೊಂದು. ನೀರಲ್ಲಿ ಅದ್ದಿ, ಸೊಪ್ಪು ಇಟ್ಟು ಸುತ್ತಿ ತಿನ್ನಬೇಕಂತೆ. ಕಾಕಾನ ಕೈ ನಿಂತಿತು. "ಇದೇನಬೇ?" ಎಂದು ನನ್ನ ಕಡೆ ನೋಡಿದ. ದುಂಡಗಿದೆ, ಹಿಟ್ಟಿನದು, ಪಲ್ಯ ಸುತ್ತಿ ತಿನ್ನುವಂಥದು. ರೊಟ್ಟಿ ಅಲ್ಲವೆಂದು ಯಾವ ಬಾಯಿಂದ ಹೇಳಲಿ? ಎದುರಿಗೆ ಅಪ್ಪ ಬೇರೆ. ರೊಟ್ಟಿ ತಾ ಎಂದು ಹಟ ಹಿಡಿದವನು, ಈಗ ಸಿಕ್ಕ ಅವಕಾಶ ಬಿಡುತ್ತಾನೆಯೇ? ಕಾಕಾ ಸ್ಟೂಲಿನಿಂದ ಅರ್ಧ ಎದ್ದೇಬಿಟ್ಟ.

ಅಪ್ಪ ಒಂದು ಹಾಳೆ ಎತ್ತಿ ಬೆಳಕಿಗೆ ಹಿಡಿದು ನೋಡಿದ. ತುದಿ ಮುರಿದು ಬಾಯಿಗೆ ಹಾಕಿಕೊಂಡ. ಆಮೇಲೆ ತಮ್ಮನ ಅಂಗಿಯ ಚುಂಗು ಹಿಡಿದು ಜಗ್ಗಿದ.

"ಕುಂಡರಲೇ. ಹಪ್ಪಳ ಐತಿ ಅದು."

ಕಾಕಾ ಕೂತ. ಇಬ್ಬರೂ ತಾಟಿನ ಕಡೆಯೇ ನೋಡುತ್ತಿದ್ದರು. ಆ ಮೇಜಿನ ಮೇಲೆ ಅಂದು ಒಂದೂ ಹಪ್ಪಳ ಉಳಿಯಲಿಲ್ಲ.

ಕೊನೆಗೆ ಕಾಫಿ. ಕಪ್ಪಿನ ಮೇಲೊಂದು ಸಣ್ಣ ಡಬ್ಬಿ, ಅದರಿಂದ ಟಪ್, ಟಪ್ ಎಂದು ಬೀಳುತ್ತಲೇ ಇದೆ. "ಕಾಫಿ ಕೇಳಿದ್ರ ಹನಿ ನೀರಾವರಿ ಕೊಟ್ಟಾರಲ್ಲೋ!" ಎಂದು ಕಾಕಾ ತಾಳ್ಮೆಗೆಟ್ಟು ಜೇಬಿನಿಂದ ಬೆಲ್ಲದ ಚೂರು ತೆಗೆದ. ಅವನು ಬೆಲ್ಲವಿಲ್ಲದೆ ಊರು ಬಿಟ್ಟವನಲ್ಲ. ಕಾಫಿಗೆ ಹಾಕುವ ಮೊದಲೇ ಅಪ್ಪ ಅವನ ಅಂಗೈಯಿಂದ ಅರ್ಧ ಎತ್ತಿಕೊಂಡು ಬಾಯಿಗೆ ಹಾಕಿಕೊಂಡ. ಚೀಪಿದ, ಚೀಪಿದ. ಆಮೇಲೆ ನನಗೆ ಹೇಳಿದ:

"ಹದಾ ಛಲೋ ಬಂದೈತಿ ಅಂತ ಹೇಳು ನಿಮ್ಮ ಕಾಕಾಗ."

ಗೇಣು ದೂರದಲ್ಲಿ ಕೂತಿದ್ದ ಕಾಕಾ ಗೋಡೆಯ ಬುಟ್ಟಿ ಟೊಪ್ಪಿಗೆ ನೋಡುತ್ತ, "ಕೇಳಿಸ್ತು ಅಂತ ಹೇಳು" ಎಂದ. ಕಣ್ಣಿಗೆ ಮೆಣಸಿನಕಾಯಿ ಹೊಗೆ ಹೊಕ್ಕಿತೆಂದು ಟೊಪ್ಪಿಗೆಯಿಂದ ಒರೆಸಿಕೊಂಡ. ಹತ್ತಿರದಲ್ಲಿ ಯಾರೂ ಮೆಣಸಿನಕಾಯಿ ಹುರಿಯುತ್ತಿರಲಿಲ್ಲ.

ಅಪ್ಪ ಆಪರೇಷನ್ನಿನಿಂದ ಎದ್ದು ಬಂದ. ಊರಿಗೆ ಹೋದ ಮೇಲೆ ಆಗಾಗ ಅವ್ವನಿಗೆ, "ಇವತ್ತ ರೊಟ್ಟಿ ಬ್ಯಾಡ, ಶಾವಿಗಿ ಮಾಡು" ಎನ್ನುತ್ತಿದ್ದನಂತೆ. ಅದು ಹೇಗೋ ಏನೋ, ಶಾವಿಗೆ ಮಾಡಿದ ದಿನ ಊಟದ ಹೊತ್ತಿಗೆ ಕಾಕಾನಿಗೆ ಒಳಗೇ ಏನಾದರೊಂದು ಕೆಲಸ ಬರುತ್ತಿತ್ತು! ಆದರೆ ಆಣೆ ಆಣೆಯೇ. ರೊಟ್ಟಿಯ ಬುಟ್ಟಿ ಕಂಡರೆ ಕಾಕಾ ಪಡಸಾಲೆಗೆ ಹೋಗುತ್ತಿದ್ದ. ಪುಣೆಯ ಆ ಹೋಟೆಲ್ಲು ಈಗಿಲ್ಲ, ಅಲ್ಲಿ ಮೊಬೈಲ್ ಅಂಗಡಿ ಬಂದಿದೆ. ಆ ಓಣಿಯಲ್ಲಿ ಹಾಯುವಾಗೆಲ್ಲ ನನಗೆ ಸೊರ್ ಸೊರ್ ಸದ್ದು ಕೇಳಿದಂತಾಗುತ್ತದೆ.

ಹೋದ ವರ್ಷ ಅಪ್ಪ ಮಲಗಿದಲ್ಲೇ ಹೋದ. ದಿನದ ಕಾರ್ಯಕ್ಕೆ ಅವನ ಫೋಟೋದ ಮುಂದೆ ಎಡೆ ಇಟ್ಟಿದ್ದೆವು: ಬದನೆಕಾಯಿ ಪಲ್ಯ, ಕಾಳು, ತಪ್ಪಲ, ಮೇಲೆ ಎರಡು ಬಿಸಿರೊಟ್ಟಿ. ಬಂದವರೆಲ್ಲ ಹೊರಗೆ ಪಂಕ್ತಿಗೆ ಕೂರುತ್ತಿದ್ದರು. ಕಾಕಾ ಮಾತ್ರ ಒಳಗೆ ಬಂದು, ಫೋಟೋದ ಪಕ್ಕ, ಅಪ್ಪ ಯಾವಾಗಲೂ ಕೂರುತ್ತಿದ್ದ ಗೋಡೆಗೆ ಬೆನ್ನು ಕೊಟ್ಟು ಕೂತ. ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡ. ಎಡೆಯ ರೊಟ್ಟಿ ತೆಗೆದುಕೊಂಡು ಎರಡು ತುಂಡು ಮಾಡಿದ. ಒಂದನ್ನು ತಿರುಗಿ ಎಡೆಗಿಟ್ಟ, ಇನ್ನೊಂದನ್ನು ಬಾಯಿಗೆ ಹಾಕಿಕೊಂಡ.

ಒಂದೂ ಆಣೆ ಮುರಿಯದವನು! ಅವನಿಗೆ ನೋವಾಗಬಾರದೆಂದು, ಅವನೇ ಕಲಿಸಿದ ದಾರಿ ಹಿಡಿದು ಹೇಳಿದೆ: "ಕಾಕಾ, ಅಪ್ಪ ಈಗ ಇಲ್ಲಲ್ಲ. ಇದು ಆಣಿ ಮುರಿದಂಗ ಆಗೂದಿಲ್ಲ ಬಿಡು."

ಕಾಕಾ ನನ್ನನ್ನು ಗದರಿಸುವವನ ಹಾಗೆ ನೋಡಿದ.

"ಯಾಕ ಇಲ್ಲ? ಇಲ್ಲೇ ಕುಂತಾನ. ಆಣಿ ಮುರೀತು, ಮುರೀಲಿ." ಬಾಯೊಳಗಿನ ತುತ್ತು ನುಂಗಿದ. ಆಮೇಲೆ ಎಡೆಯ ತಾಟು ನನ್ನ ಮುಂದೆ ತಳ್ಳಿದ. "ಚಟ್ನಿ ಹಾಕಬೇ. ಅಣ್ಣಗೂ ಹಾಕು."