ಖಾಲಿ ಗಾಡಿಯಲ್ಲಿ ತೀರ್ಥಹಳ್ಳಿಗೆ

ನನಗೆ ಸಾಗರದಿಂದ ತೀರ್ಥಹಳ್ಳಿಗೆ ವರ್ಗವಾದಾಗ, ಸಾಮಾನು ಸಾಗಿಸಲು ಲಾರಿ ಮಾಡಿ ಎಂದು ಇಡೀ ಬೀದಿಯೇ ಹೇಳಿತು. ನಾನು ನಕ್ಕೆ. ನಾನು ಹೈಸ್ಕೂಲಿನ ಲೆಕ್ಕದ ಮೇಷ್ಟ್ರು! ತೀರ್ಥಹಳ್ಳಿ ಕಡೆಯಿಂದ ಸಾಗರದ ಮಂಡಿಗೆ ಅಡಿಕೆ ಹೇರಿಕೊಂಡು ಬಂದ ಎತ್ತಿನ ಗಾಡಿಗಳು ಖಾಲಿಯಾಗಿಯೇ ಹಿಂದಿರುಗುತ್ತವೆ. ಅಂಥದೊಂದನ್ನು ಹಿಡಿದರೆ ಲಾರಿ ಬಾಡಿಗೆಯ ಕಾಲುಭಾಗವೂ ಆಗದು. ದಾರಿಯಲ್ಲಿ ಊಟಕ್ಕೂ ನಿದ್ದೆಗೂ ಖರ್ಚಿಲ್ಲ. ಹೊಸನಗರದಲ್ಲಿ ಹೆಂಡತಿಯ ಚಿಕ್ಕಮ್ಮ, ಅದರಾಚೆ ನನ್ನ ದೊಡ್ಡಪ್ಪ ಇದ್ದರು.

"ಉಳಿದ ದುಡ್ಡಲ್ಲಿ ನಿನಗೆ ಹೊಲಿಗೆ ಮಿಷನ್ನು!" ಎಂದು ಹೆಂಡತಿ ಶಾರದೆಗೆ ಘೋಷಿಸಿದೆ. ಮದುವೆಯಾದಂದಿನಿಂದ ಅವಳು ಬಾಯಿಬಿಟ್ಟು ಕೇಳಿದ್ದು ಅದೊಂದನ್ನೇ.

"ಖಂಡಿತಾ ತಾನೇ?"

"ಲೆಕ್ಕ ಎಲ್ಲಾದ್ರೂ ಸುಳ್ಳು ಹೇಳ್ತದೇನೆ?"

ಗಾಡಿಯ ತಿಮ್ಮಣ್ಣ ಸಿಕ್ಕಿದ. ಮಂಚ, ಬೀರು, ಒರಳು, ಹಂಡೆ ಎಲ್ಲವೂ ಹಿಡಿಸಿದವು. ಹೊಸನಗರದವರೆಗೆ ನನ್ನ ಬುದ್ಧಿವಂತಿಕೆಗೆ ನಾನೇ ಬೆರಗಾಗಿದ್ದೆ.

ಚಿಕ್ಕಮ್ಮ ಹೊಟ್ಟೆ ಬಿರಿಯುವಂತೆ ಬಡಿಸಿದರು. ಹೊರಡುವಾಗ ಶಾರದೆಯ ಮಡಿಲು ತುಂಬಿ, ಮಿಡಿ ಉಪ್ಪಿನಕಾಯಿಯ ಭರಣಿ ತಂದಿಟ್ಟರು.

"ಬೇಡ ಅತ್ತೆ, ಗಾಡೀಲಿ ಜಾಗ ಇಲ್ಲ."

"ಸಂಕೋಚ ಎಂತಕ್ಕೆ ಅಳಿಯಂದ್ರೇ? ಹೊಸ ಮನೆ ಹೂಡೋರು ಬರಿಗೈಲಿ ಹೋಗೋದಾ?" ಎಂದು ಸೌತೆಕಾಯಿ ಬುಟ್ಟಿ ತಂದರು.

ನಮ್ಮ ಕಡೆ 'ಬೇಡ' ಎಂದರೆ ಮರ್ಯಾದಸ್ಥ ಎಂದರ್ಥ. ನಾನು ಬೇಡವೆಂದಷ್ಟೂ ನನ್ನ ಮರ್ಯಾದೆಗೆ ಮೆಚ್ಚಿ ಹಲಸಿನಹಣ್ಣು, ಹಪ್ಪಳದ ಡಬ್ಬ, ಅಕ್ಕಿ ಮೂಟೆ ಹೊರಬಂದವು. ನಾನು ಬಾಯಿ ಮುಚ್ಚಿದ ಮೇಲೆಯೇ ಹಲಸಿನಹಣ್ಣು ಬರುವುದು ನಿಂತದ್ದು!

ದೊಡ್ಡಪ್ಪನ ಮನೆಯಲ್ಲಿ ತಂತ್ರ ಬದಲಿಸಿದೆ. ನಾಚಿಕೆ ಬಿಟ್ಟು ದೊಡ್ಡದನ್ನೇ ಕೇಳಿಬಿಟ್ಟರೆ ಸಿಟ್ಟಾಗಿ ಬರಿಗೈಲಿ ಕಳಿಸುತ್ತಾರೆ ಎಂಬುದು ನನ್ನ ಲೆಕ್ಕ.

"ದೊಡ್ಡಪ್ಪಾ, ಹೊಸ ಮನೇಲಿ ಹಾಲುಕ್ಕಿಸ್ಬೇಕು. ಒಂದು ಹಸು ಕೊಟ್ಬಿಡಿ!"

ದೊಡ್ಡಪ್ಪ ತಟ್ಟನೆ ಎದ್ದರು. ಅವರಿಗಿದ್ದದ್ದೇ ಎರಡು ಹಸು. ಕೊಟ್ಟಿಗೆಗೆ ಹೋದವರು ಹಾಲು ಕೊಡುತ್ತಿದ್ದುದನ್ನೇ, ಕರುವಿನ ಸಮೇತ, ಬಿಚ್ಚಿಕೊಂಡು ಬಂದರು.

"ಅಯ್ಯೋ, ತಮಾಷೆಗೆ ಅಂದೆ ದೊಡ್ಡಪ್ಪ!"

"ಸುಮ್ನಿರೋ. ನಮ್ಮವರು ಅಂತ ಬಾಯಿಬಿಟ್ಟು ಕೇಳಿದ್ಯಲ್ಲ, ನಂಗೆ ಅಷ್ಟು ಸಾಕು ಮಾರಾಯ" ಎಂದು ಶಲ್ಯದಿಂದ ಕಣ್ಣೊರೆಸಿಕೊಂಡರು.

ಇದ್ದದ್ದರಲ್ಲಿ ಅರ್ಧವನ್ನು ಹೀಗೆ ಖುಷಿಯಿಂದ ಕೊಡುವ ಮನುಷ್ಯ ನಮ್ಮ ಮನೆಯಲ್ಲೇ ಇದ್ದಾರೆಂದು ನನಗೆ ಗೊತ್ತೇ ಇರಲಿಲ್ಲ. ತುಂಬ ನಾಚಿಕೆಯಾಯಿತು.

ನಾಚಿಕೆಯ ಹಿಂದೆಯೇ ಖರ್ಚೂ ಬಂತು. ಎಳೆಗರು ಅಷ್ಟು ದೂರ ನಡೆಯದು. ಅದು ಗಾಡಿಯಲ್ಲಿ ಕೂತಿತು. ಕರು ಕಾಣದಿದ್ದರೆ ಹಸು ಹೆಜ್ಜೆ ಇಡದು. ಕರುವಿಗೆ ಜಾಗ ಮಾಡಲು ಮಂಚ, ಬೀರು ಇಳಿದವು. ಅವುಗಳಿಗೆ ಇನ್ನೊಂದು ಗಾಡಿ! ಮುಂದಿನ ಏರಿನಲ್ಲಿ ಹಲಸಿನಹಣ್ಣಿನ ಭಾರಕ್ಕೆ ತಿಮ್ಮಣ್ಣನ ಗಾಡಿಯ ಅಚ್ಚು ಮುರಿಯಿತು.

"ಲಾರಿಗೆ ಕೈ ಅಡ್ಡ ಹಿಡೀರಿ ಮೇಷ್ಟ್ರೇ" ಎಂದ ತಿಮ್ಮಣ್ಣ.

ಹಿಡಿದೆ. ಖಾಲಿ ಗಾಡಿ, ಬಾಡಿಗೆ ಗಾಡಿ, ಲಾರಿ, ಮೂರಕ್ಕೂ ದುಡ್ಡು ತೆತ್ತು, ಮುರಿದ ಅಚ್ಚನ್ನೂ ಮಾಡಿಸಿಕೊಟ್ಟು, ಗೋಮಾತೆಯೊಂದಿಗೆ ಲಾರಿಯ ಹಿಂಬದಿಯಲ್ಲಿ ನಿಂತು ತೀರ್ಥಹಳ್ಳಿಗೆ ಚಿತ್ತೈಸಿದ ಉಳಿತಾಯತಜ್ಞ ನಾನೊಬ್ಬನೇ ಇರಬೇಕು!

ಹೊಸ ಮನೆಯಲ್ಲಿ ದೊಡ್ಡಪ್ಪನ ಹಸುವಿನ ಹಾಲು ಚೆನ್ನಾಗಿಯೇ ಉಕ್ಕಿತು. ಮಿಷನ್ನಿಗೆಂದು ಶಾರದೆ ಆರಿಸಿದ್ದ ಕಿಟಕಿಯ ಪಕ್ಕ ಹಲಸಿನಹಣ್ಣುಗಳು ಕೂತವು. ಅವಳು ಅವುಗಳ ಮೇಲೊಂದು ಬಟ್ಟೆ ಹೊದಿಸಿ ಒಳಗೆ ಹೋದಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ನನಗೆ ನಿಜಕ್ಕೂ ಸಂಕಟವಾಯಿತು.

ಮರುದಿನ ಬೆಳಿಗ್ಗೆ ಪಕ್ಕದ ಮನೆಯಾಕೆ ಚೊಂಬು ಹಿಡಿದು ಬಂದರು. "ನಿಮ್ಮಲ್ಲಿ ಕರಾವು ಇದ್ಯಂತಲ್ಲ, ದಿನಾ ಹಾಲು ಕೊಡ್ತೀರಾ?"

ಶಾರದೆ ನನ್ನ ಕಡೆ ತಿರುಗಿದಳು. "ರೀ, ಇನ್ಮೇಲೆ ಲೆಕ್ಕ ನಂಗೆ ಬಿಡಿ."

ಬಿಟ್ಟೆ. ಹಾಲಿನ ದುಡ್ಡನ್ನು ಅವಳು ಹೇಗೆ ಕೂಡಿಸಿದಳೋ, ಲೆಕ್ಕದ ಮೇಷ್ಟ್ರಾದ ನನಗೆ ಇಂದಿಗೂ ತಿಳಿದಿಲ್ಲ. ಮುಂದಿನ ದೀಪಾವಳಿಗೆ ಕಿಟಕಿಯ ಪಕ್ಕ ಹೊಲಿಗೆ ಮಿಷನ್ನು ಬಂದು ಕೂತಿತು! ಅದರ ಮೇಲೆ ಅವಳು ಮೊಟ್ಟಮೊದಲು ಹೊಲಿದದ್ದು ನನಗಾಗಿಯೇ, ಒಂದು ಗಟ್ಟಿ ಕೈಚೀಲ.

ಹಸುವಿಗೆ ಹಿಂಡಿ ತರಲು!