ಇಲ್ಲದ ವಜ್ರಕ್ಕೆ ಕಟ್ಟಿದ ಸುಂಕ

ಮೊದಲು ನಾನು ನಿಂತಿದ್ದ ಜಾಗ ಹೇಳಿಬಿಡುತ್ತೇನೆ. ಆಮೇಲೆ ಯಾರೂ ನಾನು ಅಲ್ಲಿರಲಿಲ್ಲ ಎನ್ನಬಾರದು. ಎರಡು ಸಾವಿರದ ನಾಲ್ಕನೆಯ ಇಸವಿ, ಸಂಕ್ರಾಂತಿಗೆ ಹಿಂದಿನ ಶನಿವಾರ, ಮಧ್ಯಾಹ್ನದ ಹೊತ್ತು. ಹ್ಯೂಸ್ಟನ್ ವಿಮಾನ ನಿಲ್ದಾಣದ ಕಸ್ಟಮ್ಸ್‌ನಲ್ಲಿ, ಪೆಟ್ಟಿಗೆ ಬಿಚ್ಚಿ ನೋಡುವ ಉದ್ದನೆಯ ಸ್ಟೀಲ್ ಮೇಜಿನ ಈಚೆ ಬದಿಗೆ, ಎಡಗೈಯಲ್ಲಿ ಸಾಮಾನಿನ ಗಾಡಿ, ಬಲಗೈಯಲ್ಲಿ ಎರಡು ಪಾಸ್‌ಪೋರ್ಟ್ ಹಿಡಿದು ನಿಂತಿದ್ದೆ. ನನ್ನ ಪಕ್ಕದಲ್ಲಿ ಹೆಂಡತಿ ಪದ್ಮಾ. ಅವಳ ಬೆನ್ನ ಹಿಂದೆ, ಪಿಸುಮಾತೂ ಕೇಳಿಸುವಷ್ಟು ಹತ್ತಿರದಲ್ಲಿ, ಡಾಲಸ್ ಪಕ್ಕದ ಅಲೆನ್‌ನಲ್ಲಿರುವ ನಮ್ಮ ಸ್ನೇಹಿತೆ ಜಯಶ್ರೀ. ಅವರ ಹಿಂದೆ ಅವರ ಗಂಡ ಗುರುರಾಜ್. ಮೇಜಿನ ಆಚೆ ಬದಿಗೆ ದಪ್ಪ ಮೀಸೆಯ ಒಬ್ಬ ಅಧಿಕಾರಿ.

ಆ ಜಾಗದಲ್ಲಿ ಕಂಡದ್ದರಿಂದ ನಾನು ಇನ್ನೂ ಪೂರ್ತಿ ಚೇತರಿಸಿಕೊಂಡಿಲ್ಲ. ಹೊರದೇಶದಲ್ಲಿ ಬೆಲೆಬಾಳುವ ವಸ್ತು ಕೊಂಡು, ಸುಂಕ ಕಟ್ಟದೆ ಜಾರಿಕೊಂಡವರ ಕಥೆಗಳನ್ನು ನೀವೂ ಬೇಕಾದಷ್ಟು ಕೇಳಿರುತ್ತೀರಿ. ಕಟ್ಟಬೇಕಾಗಿಯೇ ಇಲ್ಲದವರು ಹಠ ಹಿಡಿದು ಕಟ್ಟಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ನೋಡಿದ್ದಷ್ಟೇ ಅಲ್ಲ, ಪರ್ಸು ತೆಗೆದವನೂ ನಾನೇ.

ನಾನು ಕಸ್ಟಮ್ಸ್ ಎಂದರೆ ಮೊದಲಿನಿಂದಲೂ ಹೆದರುವ ಮನುಷ್ಯ. ಒಮ್ಮೆ ಬೆಂಗಳೂರಿಗೆ ಹೋಗುವಾಗ ಭಾವಮೈದುನನಿಗೆಂದು ಒಂದು ವಿಡಿಯೋ ಕ್ಯಾಮೆರಾ ಒಯ್ದಿದ್ದೆ. ಹೊಸದಾಗಿ ಕಂಡರೆ ಹಿಡಿಯುತ್ತಾರೆ, ಸ್ವಲ್ಪ ಬಳಸಿದ ಹಾಗೆ ಇರಲಿ ಎಂದು ಆಫೀಸಿನಲ್ಲಿ ಯಾರೋ ಹೇಳಿದರು. ನಾನು ದಾರಿಯುದ್ದಕ್ಕೂ ಬಳಸಿದೆ. ಬೆಂಗಳೂರಿನಲ್ಲಿ ಯಾರೂ ನನ್ನನ್ನು ತಡೆಯಲಿಲ್ಲ, ಕ್ಯಾಮೆರಾ ಕಡೆ ನೋಡಲೂ ಇಲ್ಲ. ಭಾವಮೈದುನ ಮಾತ್ರ ಅದನ್ನು ಟಿವಿಗೆ ಸಿಕ್ಕಿಸಿ, ನನ್ನ ಬೂಟು, ಎದುರು ಸೀಟಿನ ಬೆನ್ನು, ನಿದ್ದೆ ಮಾಡುತ್ತಿದ್ದ ಒಬ್ಬ ಅಪರಿಚಿತನ ಬಾಯಿ, ಇವನ್ನು ಮನೆಮಂದಿಯ ಜೊತೆ ಬಹಳ ಹೊತ್ತು ನೋಡಿದ. "ಭಾವ, ಅಮೆರಿಕ ಚೆನ್ನಾಗಿದೆ" ಎಂದ.

ಇರಲಿ. ಈಗ ಹೇಳುವ ಸಂಗತಿ ಅರ್ಥವಾಗಬೇಕಾದರೆ ನಮ್ಮವರ ಒಂದು ಪದ್ಧತಿ ನೆನಪಿನಲ್ಲಿರಬೇಕು. ನಮ್ಮಲ್ಲಿ ಯಾವ ವಸ್ತುವಿಗೂ ಒಂದೇ ಬೆಲೆ ಇರುವುದಿಲ್ಲ. ಸೀರೆಯಾದರೆ ಬೆಲೆ ಇಳಿಸಿ ಹೇಳಬೇಕು. "ಎಷ್ಟಿರಬಹುದು, ಹೇಳಿ ನೋಡೋಣ?" ಎಂದು ಕೇಳಿ, ಎದುರಿನವರು ಹೇಳಿದ್ದಕ್ಕಿಂತ ಕಡಿಮೆ ಹೇಳಿ, ಅವರ ಮುಖ ಸಪ್ಪಗಾಗುವುದನ್ನು ನಿಧಾನವಾಗಿ ನೋಡಬೇಕು. ಒಡವೆಯಾದರೆ ಏರಿಸಿ ಹೇಳಬೇಕು. ಸೀರೆಯ ಕಡಿಮೆ ಬೆಲೆಯಿಂದ ಹೆಂಡತಿಯ ಜಾಣತನ ತಿಳಿಯುತ್ತದೆ, ಒಡವೆಯ ಹೆಚ್ಚಿನ ಬೆಲೆಯಿಂದ ಗಂಡನ ಯೋಗ್ಯತೆ ತಿಳಿಯುತ್ತದೆ. ಗಂಡನಿಗೆ ಹೇಳುವ ಬೆಲೆ ಇವೆರಡಕ್ಕೂ ಸೇರಿದ್ದಲ್ಲ, ಅದು ಬೇರೆಯೇ ಶಾಸ್ತ್ರ.

ಟೆಕ್ಸಾಸಿನಲ್ಲಿ ಈ ಶಾಸ್ತ್ರಕ್ಕೆ ದೊಡ್ಡ ವೇದಿಕೆ ನಮ್ಮ ಸಂಕ್ರಾಂತಿ ಕೂಟ. ಒಂದು ವರ್ಷ ಡಾಲಸ್, ಒಂದು ವರ್ಷ ಆಸ್ಟಿನ್, ಒಂದು ವರ್ಷ ಹ್ಯೂಸ್ಟನ್ ಎಂದು ಸರದಿಯ ಮೇಲೆ ನಡೆಯುತ್ತದೆ. ಊಟದ ಸಾಲಿನಲ್ಲಿ ಹೆಂಗಸರ ಕಣ್ಣು ಮೊದಲು ಕಿವಿಯ ಮೇಲೆ ಬೀಳುತ್ತದೆ, ಆಮೇಲೆ ಕತ್ತಿನ ಮೇಲೆ, ಕೊನೆಗೆ ಸಮಯವಿದ್ದರೆ ಮುಖದ ಮೇಲೆ. ಹಿಂದಿನ ವರ್ಷ ಡಾಲಸ್‌ನಲ್ಲಿ ಕೂಟ ನಡೆದಾಗ ಜಯಶ್ರೀ ಎಳ್ಳುಬೆಲ್ಲ ಕೊಡುತ್ತಾ ಪದ್ಮಾಳ ಕಿವಿ ನೋಡಿ, ಹತ್ತು ಜನರ ಎದುರಿಗೆ, "ಪದ್ಮಾ, ನೀವು ಭಾಳ ಸಿಂಪಲ್ ನೋಡ್ರಿ" ಎಂದುಬಿಟ್ಟರು.

ವಾಪಸು ಹ್ಯೂಸ್ಟನ್‌ಗೆ ಕಾರಿನಲ್ಲಿ ಬರುವಾಗ ಪದ್ಮಾ ಕಿವಿಯ ಓಲೆ ಬಿಚ್ಚಿ ಪರ್ಸಿಗೆ ಹಾಕಿಕೊಂಡಳು. ನಾನು ಹಾಡು ಹಾಕಿದೆ, ಆರಿಸಿದಳು. ಕಾಫಿಗೆ ನಿಲ್ಲಿಸಲೇ ಎಂದೆ, ಕಿಟಕಿಯ ಕಡೆ ತಿರುಗಿದಳು. ಹ್ಯೂಸ್ಟನ್ ಇನ್ನೇನು ಬಂತು ಎನ್ನುವಾಗ ಸಿಗುವ ದ ವುಡ್‌ಲ್ಯಾಂಡ್ಸ್ ದಾಟಿದ ಮೇಲೆ ಒಂದೇ ಮಾತು ಬಂತು. "ನಾನು ಸಿಂಪಲ್ಲಾ?"

"ಅದು ಹೊಗಳಿಕೆ ಕಣೇ" ಎಂದೆ. ಆ ಮಾತು ಆಡಬಾರದಿತ್ತು. ಹ್ಯೂಸ್ಟನ್‌ನ ತೈಲ ಕಂಪನಿಗಳಿರುವ ಎನರ್ಜಿ ಕಾರಿಡಾರಿನಲ್ಲಿ ಪೈಪುಗಳ ಒತ್ತಡ ಲೆಕ್ಕ ಹಾಕುವುದು ನನ್ನ ಕೆಲಸ. ಉಕ್ಕಿನ ಪೈಪು ಯಾವಾಗ ಸಿಡಿಯುತ್ತದೆ ಎಂದು ನಾನು ಹೇಳಬಲ್ಲೆ. ಮನೆಯ ವಿಷಯದಲ್ಲಿ ಸಿಡಿದ ಮೇಲೆಯೇ ತಿಳಿಯುತ್ತದೆ.

ಹೀಗಾಗಿ ಆ ಡಿಸೆಂಬರಿನಲ್ಲಿ ಬೆಂಗಳೂರಿಗೆ ಹೋದಾಗ, ಬಂಧುಗಳ ಮನೆಗಳಿಗಿಂತ ಮೊದಲು ಒಡವೆ ಅಂಗಡಿಗೆ ಹೋದೆವು. ಏಳು ಹರಳಿನ ವಜ್ರದ ಓಲೆ ಬೇಕು ಎಂದಳು. ಅಂಗಡಿಯವರು ನೀಲಿ ಮಖಮಲ್ಲಿನ ಮೇಲೆ ಇಟ್ಟರು. ಬೆಲೆ ಹೇಳಿದರು. ನಾನು ನೀರು ಕೇಳಿದೆ. ಅವರು ಒಳ್ಳೆಯ ಮನುಷ್ಯರು, ನೀರಿನ ಜೊತೆಗೆ ಕಾಫಿಯನ್ನೂ ತರಿಸಿ, ನನ್ನ ಮುಖ ನೋಡಿ, ಮೆಲ್ಲಗೆ ಇನ್ನೊಂದು ಡಬ್ಬಿ ತೆಗೆದರು. ಅದೇ ವಿನ್ಯಾಸ, ಅದೇ ಅಳತೆ, ಚಿನ್ನವೂ ಅಪ್ಪಟ. ಹರಳು ಮಾತ್ರ ಅಮೆರಿಕನ್ ಡೈಮಂಡ್, ಅಂದರೆ ಕಾರ್ಖಾನೆಯ ಕಲ್ಲು. ಪದ್ಮಾ ಎರಡನ್ನೂ ಒಂದೊಂದು ಕಿವಿಗೆ ಹಿಡಿದು ಕನ್ನಡಿಯಲ್ಲಿ ನೋಡಿಕೊಂಡಳು. ಬಹಳ ಹೊತ್ತಾದ ಮೇಲೆ, "ರೀ, ಹರಳನ್ನ ಯಾರು ನೋಡ್ತಾರೆ? ಹೊಳಪು ತಾನೇ ನೋಡೋದು" ಎಂದಳು. ಅವಳ ಮೇಲೆ ನನಗೆ ಅಷ್ಟು ಪ್ರೀತಿ ಹಿಂದೆಂದೂ ಉಕ್ಕಿರಲಿಲ್ಲ. ನಾನೂರು ಡಾಲರಿನ ಆಸುಪಾಸಿನಲ್ಲಿ ಮುಗಿಯಿತು. ಅಮೆರಿಕಕ್ಕೆ ಮರಳುವವರು ಸುಂಕವಿಲ್ಲದೆ ತರಬಹುದಾದ ಮಿತಿಯೊಳಗೆ ಆರಾಮವಾಗಿ ಕೂರುವ ಬೆಲೆ. ಕಸ್ಟಮ್ಸ್ ಭಯವೂ ಇಲ್ಲ. ನಾನು ಎರಡನೆಯ ಕಾಫಿ ಕುಡಿದೆ.

ಫ್ರಾಂಕ್‌ಫರ್ಟ್‌ನಲ್ಲಿ ವಿಮಾನ ಬದಲಿಸುವಾಗ ಜಯಶ್ರೀ, ಗುರುರಾಜ್ ಸಿಕ್ಕರು. ಅವರೂ ಹುಬ್ಬಳ್ಳಿಗೆ ಹೋಗಿ ಬರುತ್ತಿದ್ದರು, ಹ್ಯೂಸ್ಟನ್‌ನಲ್ಲಿ ಇಳಿದು ಡಾಲಸ್‌ಗೆ ಇನ್ನೊಂದು ವಿಮಾನ ಹಿಡಿಯಬೇಕಿತ್ತು. ಜಯಶ್ರೀ ನಮಸ್ಕಾರಕ್ಕೆ ಎತ್ತಿದ ಕೈಯನ್ನು ಅರ್ಧಕ್ಕೇ ನಿಲ್ಲಿಸಿದರು.

"ಅಯ್ಯ ಪದ್ಮಾ! ವಜ್ರ ಏನ್ರಿ? ಭಾಳ ಚಂದ ಅವ. ಎಷ್ಟಾತ್ರಿ?"

"ನಂಗೇನು ಗೊತ್ತು ಜಯಶ್ರೀ, ಇವರೇ ಕೊಡಿಸಿದ್ದು. ಐದು ಸಾವಿರ ಡಾಲರಿನ ಮೇಲೆ ಆಯ್ತಂತೆ" ಎಂದಳು ಪದ್ಮಾ. ನನ್ನ ಬಾಯಲ್ಲಿ ಜ್ಯೂಸ್ ಇತ್ತು. ಅದನ್ನು ಉಗುಳದೆ ನುಂಗಿದ್ದನ್ನು ನನ್ನ ದಾಂಪತ್ಯದ ಸಾಧನೆಗಳಲ್ಲಿ ಸೇರಿಸಿಕೊಂಡಿದ್ದೇನೆ.

ಜಯಶ್ರೀ ತಮ್ಮ ಕತ್ತು ಮುಟ್ಟಿಕೊಂಡರು. ಅಲ್ಲಿ ಕೆಂಪಿನ ಹರಳಿನ ಅಡ್ಡಿಕೆ ಥಳಥಳ ಹೊಳೆಯುತ್ತಿತ್ತು. "ಇದು ಆರರ ಮ್ಯಾಲೆ ಹೋತ್ರಿ. ಹೊಸಾದು. ಬ್ಯಾಡ ಅಂದ್ರ ಇವರು ಕೇಳಂಗಿಲ್ಲ" ಎಂದರು. ಗುರುರಾಜ್ ವಿಮಾನಗಳ ವೇಳಾಪಟ್ಟಿಯನ್ನು ಅದೇ ಮೊದಲ ಸಲ ನೋಡುವವರಂತೆ ನೋಡುತ್ತಿದ್ದರು.

ಇನ್ನು ಮೇಜಿನ ಬಳಿಗೆ ಬರುತ್ತೇನೆ. ನಮ್ಮ ಪೆಟ್ಟಿಗೆಗಳನ್ನು ಬಿಚ್ಚಿಸಿದ್ದು ಒಡವೆಗಾಗಿ ಅಲ್ಲ, ಚಟ್ನಿಪುಡಿಗಾಗಿ. ಅಧಿಕಾರಿ ಒಂದೊಂದೇ ಪೊಟ್ಟಣ ಎತ್ತಿ, ಮೂಸಿ, ಸೀನಿ, ಕೆಳಗಿಟ್ಟ. ಇಂಗಿನ ಡಬ್ಬಿ ತೆರೆದವನು ನಮ್ಮನ್ನು ಹೊಸ ಗೌರವದಿಂದ ನೋಡಿ ಮುಚ್ಚಿದ. ಎಲ್ಲ ಮುಗಿಯಿತು ಎನ್ನುವಾಗ ಅವನ ಕಣ್ಣು ಪದ್ಮಾಳ ಕಿವಿಯ ಮೇಲೆ ಬಿತ್ತು. ಓಲೆ ಬಹಳ ಚೆನ್ನಾಗಿದೆ ಮ್ಯಾಮ್, ಈ ಪ್ರವಾಸದಲ್ಲಿ ಕೊಂಡದ್ದೇ ಎಂದು ಕೇಳಿದ. ಹೌದು ಎಂದಳು. ಬೆಲೆ ಎಷ್ಟು ಎಂದು ಕೇಳಿದ.

ವಿಮಾನದಲ್ಲಿ ತುಂಬಿದ ಕಾರ್ಡಿನಲ್ಲಿ ನಾನು ನಿಜವಾದ ಬೆಲೆಯನ್ನೇ ಬರೆದಿದ್ದೆ. ಅದನ್ನೇ ಬಾಯಲ್ಲಿ ಹೇಳಿದ್ದರೆ ಆ ಕ್ಷಣದಲ್ಲೇ ಹೊರಗೆ ಹೋಗಬಹುದಿತ್ತು. ಆದರೆ ನಮ್ಮ ಹಿಂದೆ ಜಯಶ್ರೀ ಇದ್ದರು. ಮುಂದಿನ ಶನಿವಾರ ಆಸ್ಟಿನ್‌ನಲ್ಲಿ ಸಂಕ್ರಾಂತಿ ಕೂಟ ಇತ್ತು. ನಾನೂರು ಎಂಬ ಸಂಖ್ಯೆ ಈ ಮೇಜಿನಿಂದ ಆ ಸಭಾಂಗಣಕ್ಕೆ ನಮ್ಮ ಕಾರಿಗಿಂತ ಮೊದಲು ತಲುಪುತ್ತದೆ ಎಂದು ಪದ್ಮಾಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಹಿಂದೆ ಜಯಶ್ರೀ ಅರ್ಧ ಹೆಜ್ಜೆ ಮುಂದೆ ಸರಿದರು. ನಾನು ಬಾಯಿ ತೆರೆದೆ. ಪದ್ಮಾ ನನ್ನ ಕಾಲು ತುಳಿದಳು.

"ಐದು ಸಾವಿರ ಡಾಲರ್" ಎಂದಳು, ಸ್ಪಷ್ಟವಾದ ಇಂಗ್ಲಿಷಿನಲ್ಲಿ, ಅಲೆನ್‌ವರೆಗೂ ಕೇಳಿಸುವ ಹಾಗೆ.

ಅಧಿಕಾರಿ ಕಾರ್ಡು ನೋಡಿದ. ಇದರಲ್ಲಿ ಬೇರೆ ಇದೆಯಲ್ಲ ಎಂದ.

"ಅದು ನನ್ನ ಗಂಡ ಬರೆದದ್ದು" ಎಂದಳು ಪದ್ಮಾ.

ಆಗ ಅವನು ನನ್ನನ್ನು ನೋಡಿದ ನೋಟವನ್ನು ನಾನು ಮರೆಯಲಾರೆ. ಮೀಸೆಯನ್ನೊಮ್ಮೆ ಸವರಿಕೊಂಡು, ತಗ್ಗಿದ ದನಿಯಲ್ಲಿ, ಸುಳ್ಳು ಬೆಲೆ ಬರೆಯುವುದು ಎಂಥ ಅಪರಾಧ, ವಸ್ತು ಮುಟ್ಟುಗೋಲಾಗುವುದು ಹೇಗೆ, ದಂಡ ಬೀಳುವುದು ಹೇಗೆ ಎಂದು ನನಗೆ ಸಾವಕಾಶವಾಗಿ ತಿಳಿಸಿದ. ಆ ಇಡೀ ಮೇಜಿನ ಸುತ್ತ ನಿಜ ಬರೆದವನು ನಾನೊಬ್ಬನೇ. ನಾನು ತಲೆ ತಗ್ಗಿಸಿ ಕೇಳಿದೆ. "ಸರ್, ನಿಮ್ಮ ಹೆಂಡತಿ ಪ್ರಾಮಾಣಿಕರು. ಅದಕ್ಕೆ ಈ ಸಲ ದಂಡ ಹಾಕದೆ ಸುಂಕ ಮಾತ್ರ ತೆಗೆದುಕೊಳ್ಳುತ್ತೇನೆ. ಅವರಿಂದ ಕಲಿತುಕೊಳ್ಳಿ" ಎಂದ. ಕಲಿಯುತ್ತೇನೆ ಎಂದೆ. ಪದ್ಮಾ ವಿನಯದಿಂದ ನೆಲ ನೋಡುತ್ತಿದ್ದಳು.

ಇಲ್ಲಿಗೆ ಮುಗಿದಿದ್ದರೆ ಅದು ನನ್ನೊಬ್ಬನ ದುಃಖವಾಗಿರುತ್ತಿತ್ತು. ಅಧಿಕಾರಿ ಕೈ ಮಾಡಿ ಕರೆಯುವ ಮೊದಲೇ ಜಯಶ್ರೀ ಮುಂದೆ ಬಂದು, ಯಾರೂ ಕೇಳದಿದ್ದರೂ ಶಾಲು ಸರಿಸಿ, ಕತ್ತಿನ ಅಡ್ಡಿಕೆ ತೋರಿಸಿ, "ಆರು ಸಾವಿರ" ಎಂದರು. ಒಂದು ಕ್ಷಣ ಯೋಚಿಸಿ, "ಆರೂವರೆ" ಎಂದು ತಿದ್ದಿದರು. ಅಧಿಕಾರಿ ಪೆನ್ನು ಕೆಳಗಿಟ್ಟ. ಈ ಮೇಜಿನ ಹಿಂದೆ ನಿಂತು ಬೆಲೆ ಇಳಿಯುವುದನ್ನು ದಿನಾ ನೋಡುತ್ತೇನೆ, ಏರುವುದನ್ನು ಇವತ್ತೇ ನೋಡಿದ್ದು ಎಂದ. ಪಕ್ಕದ ಮೇಜಿನವನನ್ನೂ ಕರೆದ. ಇಬ್ಬರೂ ಸೇರಿ ಆ ಇಬ್ಬರು ಪ್ರಾಮಾಣಿಕ ಮಹಿಳೆಯರನ್ನು ನೋಡಿದರು. ಗಂಡಂದಿರನ್ನು ನೋಡಿದ್ದು ಬೇರೆ ರೀತಿಯಲ್ಲಿ.

ಸುಂಕ ಕಟ್ಟುವ ಕಿಟಕಿಯ ಮುಂದೆ ನಾನೂ ಗುರುರಾಜರೂ ನಿಂತೆವು. ಹೆಂಗಸರು ದೂರದ ಕುರ್ಚಿಗಳಲ್ಲಿ ಕೂತು ನಗುನಗುತ್ತಾ ಮಾತಾಡುತ್ತಿದ್ದರು. ಗುರುರಾಜ್ ಸುತ್ತ ನೋಡಿ ನನ್ನ ಕಿವಿಯ ಬಳಿ ಬಾಗಿದರು.

"ಒಂದು ಮಾತು ಹೇಳ್ತೀನಿ, ಯಾರಿಗೂ ಹೇಳಬ್ಯಾಡ್ರಿ. ಆ ಅಡ್ಡಿಕಿ ನಮ್ಮ ಲಗ್ನದಾಗಿಂದು. ಹೋದ ತಿಂಗಳು ಇದೇ ಏರ್‌ಪೋರ್ಟ್‌ನಾಗ ಹಾಯ್ದು ಹುಬ್ಬಳ್ಳಿಗೆ ಹೋಗಿತ್ತು. ಪಾಲಿಶ್ ಹಾಕಿಸ್ಯಾಳ, ಅಷ್ಟ. ನನ್ನ ಮಾವ ಕೊಟ್ಟ ಒಡವಿಗೆ ನಾ ಅಮೆರಿಕಾಕ್ಕ ಸುಂಕ ಕಟ್ಟಲಿಕ್ಕೆ ಹತ್ತೇನಿ ನೋಡ್ರಿ!"

ಅವರ ಕಣ್ಣಲ್ಲಿ ನೀರೇ ಬಂದಿತ್ತು. ನಗುವಿನದೋ ಅಳುವಿನದೋ ಖಚಿತವಾಗಿ ಹೇಳಲಾರೆ. ಮನುಷ್ಯ ಹೃದಯ ಬಿಚ್ಚಿಟ್ಟಾಗ ಎದುರಿನವನೂ ಬಿಚ್ಚಿಡಬೇಕು. ನಮ್ಮ ಹರಳಿನ ಕಥೆ ನನ್ನ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಬಾಯಿಂದ ಹೊರಟದ್ದು ಬೇರೆ. "ಏನು ಮಾಡೋದು ಗುರುರಾಜ್, ನಿಮ್ಮದಾದರೂ ಹಳೆಯದು. ವಜ್ರ ಅಂದಮೇಲೆ ನಮಗೆ ಬೇರೆ ದಾರಿಯೇ ಇಲ್ಲ" ಎಂದು ನಿಟ್ಟುಸಿರು ಬಿಟ್ಟೆ. ಅವರು ನನ್ನ ಭುಜ ತಟ್ಟಿ, "ನೀವು ದೊಡ್ಡವರು ಬಿಡ್ರಿ" ಎಂದರು. ಹಣ ಕಟ್ಟಿದ ಮೇಲೆ ಮನಸ್ಸು ಆಶ್ಚರ್ಯವಾಗುವಷ್ಟು ಹಗುರವಾಗಿತ್ತು.

ಮುಂದಿನ ಶನಿವಾರ ಆಸ್ಟಿನ್‌ನಲ್ಲಿ ಪದ್ಮಾ ತನ್ನ ಓಲೆಯ ಬಗ್ಗೆ ಒಂದು ಮಾತೂ ಆಡಬೇಕಾಗಲಿಲ್ಲ. ಜಯಶ್ರೀಯೇ ಸಾಲಿನಲ್ಲಿದ್ದವರನ್ನೆಲ್ಲ ಕರೆದು, "ಇವು ಅಂಥಿಂಥ ಓಲೆ ಅಲ್ಲರಿ. ಕಸ್ಟಮ್ಸ್‌ನವರೇ ನೋಡಿ ಸುಂಕ ತೊಗೊಂಡಾರ, ನಾ ಕಣ್ಣಾರೆ ನೋಡೀನಿ" ಎಂದು ಸಾಕ್ಷಿ ನುಡಿದರು. ಪದ್ಮಾ ಅಡ್ಡಿಕೆಗೆ ಹಾಗೆಯೇ ಸಾಕ್ಷಿ ನುಡಿದಳು. ಸುಂಕ ಕಟ್ಟಿದ ಒಡವೆ ಎಂದ ಮೇಲೆ ಇನ್ನು ಅನುಮಾನವೇ? ಮೂರು ಊರಿನ ಹೆಂಗಸರು ಸಾಲುಸಾಲಾಗಿ ಬಂದು ಮುಟ್ಟಿ ನೋಡಿದರು. ಆ ಇಬ್ಬರ ನಡುವೆ ಅಂದು ಬೆಳೆದ ಸ್ನೇಹ ಇಂದಿಗೂ ಗಟ್ಟಿಯಾಗಿದೆ.

ಗಂಡಸರ ಕಡೆ ಬಿಸಿಬೇಳೆಭಾತ್ ತಿನ್ನುತ್ತಾ ಕೂತಿದ್ದಾಗ ಆಸ್ಟಿನ್‌ನ ಡಾಕ್ಟರೊಬ್ಬರು, "ಸುಂಕ ಬಹಳ ಬಿತ್ತಂತೆ? ಎಷ್ಟು ಬಂತು?" ಎಂದು ಕೇಳಿದರು. ಕಟ್ಟಿದ ಮೊತ್ತ ನನಗೆ ಪೈಸೆ ಸಹಿತ ನೆನಪಿತ್ತು. ಅದರ ಎರಡರಷ್ಟು ಹೇಳಿದೆ. ಪಕ್ಕದಲ್ಲಿದ್ದ ಗುರುರಾಜ್ ಹಪ್ಪಳ ಮುರಿಯುತ್ತಾ ತಮ್ಮದರ ಮೂರರಷ್ಟು ಹೇಳಿದರು. ಅಲ್ಲಿಂದೀಚೆಗೆ ಕೇಳಿದವರಿಗೆಲ್ಲ ನಾನು ಸ್ವಲ್ಪ ಸ್ವಲ್ಪ ಏರಿಸುತ್ತಲೇ ಬಂದಿದ್ದೇನೆ. ಇಲ್ಲಿ ಮೊತ್ತ ಬರೆಯದೆ ಬಿಟ್ಟದ್ದೂ ಅದಕ್ಕೇ. ಈಗ ಎಲ್ಲಿಗೆ ಬಂದು ನಿಂತಿದೆ ಎಂದು ನನಗೇ ತಿಳಿಯದು.

ಅಂದು ಆ ಮೇಜಿನ ಬಳಿ ನಡೆದದ್ದನ್ನು ನನ್ನ ಜೊತೆ ಕಂಡವರಲ್ಲಿ ಗುರುರಾಜ್ ಅಲೆನ್‌ನಲ್ಲಿ ನಿವೃತ್ತರಾಗಿ ಸುಖವಾಗಿದ್ದಾರೆ. ಅವರಿಗೆ ಹರಳಿನ ವಿಷಯ ಈ ಸಾಲಿನವರೆಗೆ ತಿಳಿದಿರಲಿಲ್ಲ. ಜಯಶ್ರೀ ಇದ್ದಾರೆ, ಕನ್ನಡದಲ್ಲಿ ಅಚ್ಚಾದದ್ದನ್ನೆಲ್ಲ ಬಿಡದೆ ಓದುತ್ತಾರೆ. ಮೀಸೆಯ ಅಧಿಕಾರಿ ಎಲ್ಲಿದ್ದಾನೋ, ಬದುಕಿದ್ದರೆ ಪದ್ಮಾಳ ಪ್ರಾಮಾಣಿಕತೆಯನ್ನು ಮೊಮ್ಮಕ್ಕಳಿಗೆ ಹೇಳುತ್ತಿರಬಹುದು. ಪದ್ಮಾ ಆರೋಗ್ಯವಾಗಿ ಒಳಗೆ ಅಡುಗೆಮನೆಯಲ್ಲಿದ್ದಾಳೆ, ಇನ್ನೂ ಇದನ್ನು ಓದಿಲ್ಲ. ಓದಿದ ಮೇಲೆ, ಬದುಕಿರುವವರ ಪಟ್ಟಿಯಿಂದ ಒಂದು ಹೆಸರು ಕಡಿಮೆಯಾದರೆ, ಅದು ಮೇಲೆ ಹೇಳಿದ ಯಾರದ್ದೂ ಅಲ್ಲ ಎಂದು ದಯವಿಟ್ಟು ತಿಳಿಯಿರಿ.